ಟವೆಲ್ ಕೆಳಗಿನ ಸಂಖ್ಯೆ

ನಮ್ಮ ಕಾಲೇಜಿನಲ್ಲಿ ಈ ಕಥೆ ಹೇಳುವವರೆಲ್ಲ ನನ್ನನ್ನು ಗೆಲ್ಲಿಸಿಯೇ ಹೇಳುತ್ತಾರೆ. ಕಮಲಾಪುರದ ಒಬ್ಬ ದನದ ದಲ್ಲಾಳಿ ತನ್ನ ಮಗಳಿಗೊಂದು, ಮಗಳ ಗೆಳತಿಗೊಂದು ಸಂಖ್ಯೆ ಹೇಳಿ ಇಬ್ಬರನ್ನೂ ಆಟ ಆಡಿಸಿದನಂತೆ. ಆ ಗೆಳತಿ ತುಂಬಿದ ಸಭೆಯಲ್ಲಿ ಅವನನ್ನು ನಿಂತ ನಿಲುವಿನಲ್ಲೇ ಹಿಡಿದು ತೋರಿಸಿದಳಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಆ ಗೆಳತಿ ನಾನು. ಹೊಸದಾಗಿ ಸೇರಿದ ಹುಡುಗಿಯರಿಗೂ ಇದು ಗೊತ್ತು. ಅಂಕಪಟ್ಟಿ ತರಲು ಹೋದಾಗ ಕ್ಯಾಂಟೀನಿನಲ್ಲಿ ಒಬ್ಬಳು ನನ್ನನ್ನು ನಿಲ್ಲಿಸಿ, "ಅಕ್ಕಾ, ಆ ದಲ್ಲಾಳಿನ್ನ ಹಿಡದಾಕಿ ನೀವೇ ಏನ್ರಿ?" ಎಂದು ಕೇಳಿದ್ದಳು.

ಏನನ್ನು ಹಿಡಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ನಾನು ಏಳನೆಯ ತರಗತಿಯಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರಿನವರು ಬಾಯಿ ತೆರೆದ ಕೂಡಲೇ "ಆಧಾರ ಏನು?" ಎಂದು ಕೇಳುವುದು ನನಗೆ ಎಷ್ಟು ರೂಢಿಯೆಂದರೆ, ಮನೆಯಲ್ಲಿ ಅವ್ವ ಸಾರಿಗೆ ಉಪ್ಪು ಸಾಕು ಅಂದರೂ ಕೇಳುತ್ತೇನೆ. ಅದೇ ಪ್ರಶ್ನೆಯನ್ನು ಈ ಕಥೆಗೆ ಕೇಳಿದರೆ ಅದು ನಿಲ್ಲುವುದಿಲ್ಲ. ಆ ದಿನ ನನ್ನ ಬಳಿ ಇದ್ದ ಆಧಾರ ಒಂದೇ ಒಂದು ನಿಮಿಷ. ಅಷ್ಟರ ಮೇಲೆ ನಾನು ಒಬ್ಬ ಮನುಷ್ಯನ ಕೈಯನ್ನು ಸುಳ್ಳಿನ ಕೈ ಎಂದೆ. ಹಾಗೆ ಅಂದದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತಿಳಿದಿಲ್ಲ. ತಿಳಿಯದೆ ಬರೆಯುತ್ತಿದ್ದೇನೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ದಲ್ಲಾಳಿಯ ಮಗಳೂ ನಾನೂ ಜೋಡಿ. ಆಕೆ ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದವಳು. ನಾನು ಕಾಲೇಜಿನ ಊರಿನಲ್ಲೇ, ಖೂಬಾ ಪ್ಲಾಟ್ ಬಡಾವಣೆಯವಳು. ಅಡುಗೆಮನೆಯಲ್ಲಿ ಮರಾಠಿ, ಪಡಸಾಲೆಯಲ್ಲಿ ಕನ್ನಡ ಆಡುವ ಮನೆ ನಮ್ಮದು. ಆಕೆಯದು ಕಡಿಮೆ ಮಾತು, ಕೋಡ್ ಬರೆಯುವುದರಲ್ಲಿ ಗಟ್ಟಿಗಿತ್ತಿ. ನನ್ನದು ಬರೀ ಮಾತು, ಕೋಡ್ ಅಷ್ಟಕ್ಕಷ್ಟೇ. ಆದ್ದರಿಂದ ಜೋಡಿ ಸರಿಹೋಗಿತ್ತು.

ನಾವು ಆರಿಸಿಕೊಂಡ ವಿಷಯ ಹೀಗಿದೆ. ಎಂದೂ ಮುಖ ನೋಡದ ಇಬ್ಬರು, ನಾಲ್ಕು ಮಂದಿಯ ಕಿವಿಗೆ ಬೀಳುವಂತೆಯೇ ಮಾತಾಡುತ್ತ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಸಂಖ್ಯೆಗೆ ಬಂದು ಸೇರಬೇಕು. ಆ ಸಂಖ್ಯೆಯೇ ಕೀಲಿ. ಮುಂದಿನ ಮಾತುಗಳನ್ನೆಲ್ಲ ಅದರಿಂದ ಬೀಗ ಹಾಕಿ ಕಳಿಸಬಹುದು. ಮಾಡುವ ಬಗೆ ಹೇಳಲು ಸುಲಭ: ಪ್ರತಿಯೊಬ್ಬರೂ ತಮ್ಮದೊಂದು ಗುಟ್ಟಿನ ಅಂಕಿ ಇಟ್ಟುಕೊಂಡು, ಎಲ್ಲರಿಗೂ ಗೊತ್ತಿರುವ ಅಂಕಿಯ ಜೊತೆ ಅದನ್ನು ಬೆರೆಸಿ, ಬೆರಕೆಯನ್ನು ಮಾತ್ರ ಆಚೆಗೆ ಕಳಿಸುತ್ತಾರೆ. ಬಂದ ಬೆರಕೆಗೆ ತಮ್ಮ ಗುಟ್ಟನ್ನು ಸೇರಿಸಿದರೆ ಇಬ್ಬರ ಕೈಯಲ್ಲೂ ಒಂದೇ ಸಂಖ್ಯೆ ಹುಟ್ಟುತ್ತದೆ. ಕದ್ದು ಕೇಳಿದವನಿಗೆ ಬೆರಕೆಗಳು ಸಿಗುತ್ತವೆ, ಗುಟ್ಟು ಸಿಗುವುದಿಲ್ಲ. ನಾವು ದಿನಾ ಮೊಬೈಲಿನಲ್ಲಿ ಕಳಿಸುವ ಮೆಸೇಜುಗಳ ಹಿಂದೆ ಇರುವುದು ಇದೇ ಒಪ್ಪಂದದ ಯಾವುದೋ ಒಂದು ರೂಪ.

ನಮ್ಮ ಸರ್ ಇದನ್ನು ಬಣ್ಣದ ಡಬ್ಬಿಗಳ ಮೂಲಕ ಹೇಳುತ್ತಿದ್ದರು. ಹಳದಿಗೆ ನೀಲಿ ಬೆರೆಸಿದರೆ ಹಸಿರು. ಹಸಿರಿನಿಂದ ನೀಲಿಯನ್ನು ತೆಗೆಯಲು ಬಾರದು. ತರಗತಿಯೆಲ್ಲ ತಲೆದೂಗುತ್ತಿದ್ದಾಗ ನಾನು ಎದ್ದು ನಿಂತೆ.

"ಸರ್, ಡಬ್ಬಿ ತಂದಾಂವ ಯಾರು ಅಂತ ನೋಡಿದವರು ಯಾರ್ರಿ?"

"ಅಂದ್ರ?"

"ನಡುವ ಒಬ್ಬಾಂವ ಕುಂತಾನ ಅನ್ರಿ. ಈ ಕಡಿ ಡಬ್ಬಿ ತಾ ಇಟ್ಕೊಂಡು, ತನ್ನದೊಂದು ಡಬ್ಬಿ ಆ ಕಡಿ ಕಳಿಸಿದ. ಆ ಕಡೀದು ಇಟ್ಕೊಂಡು ಈ ಕಡಿ ತನ್ನ ಡಬ್ಬಿ ಕಳಿಸಿದ. ಇಬ್ಬರೂ ಅವನ ಕೂಡ ಒಪ್ಪಂದ ಮಾಡ್ಕೊಂಡು ಒಬ್ಬರಿಗೊಬ್ಬರು ಒಪ್ಪೀವಿ ಅಂತ ತಿಳ್ಕೊಂಡು ಕೂಡ್ತಾರ."

"ಬಂತು ನೋಡ್ರಿ ಸುಪ್ರೀಂ ಕೋರ್ಟ್," ಎಂದರು ಸರ್.

ನಕ್ಕರೂ ಅವರು ತಪ್ಪೆಂದು ಹೇಳಲಿಲ್ಲ. ಈ ವಿಧಾನದ ತೂತು ಅದೇ. ಬೀಗ ಮುರಿಯುವುದಿಲ್ಲ, ಲೆಕ್ಕ ತಪ್ಪುವುದಿಲ್ಲ, ಒಪ್ಪಂದವೂ ಆಗುತ್ತದೆ. ಯಾರ ಜೊತೆ ಆಯಿತು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಅದಕ್ಕೆ ಮದ್ದು ಒಂದೇ: ಆ ಇಬ್ಬರೂ ಬೇರೆ ದಾರಿಯಲ್ಲಿ ಭೇಟಿಯಾಗಿ, ನಿನ್ನ ಕೈಗೆ ಬಂದದ್ದೇನು, ನನ್ನ ಕೈಗೆ ಬಂದದ್ದೇನು ಎಂದು ತಾಳೆ ನೋಡಬೇಕು.

ಜಗಳ ಶುರುವಾದದ್ದು ಈ ತೂತಿನಿಂದಲೇ. ಹೊರಗಿನ ಪರೀಕ್ಷಕರ ಮುಂದೆ ನಮ್ಮ ಜೋಡಿಗೆ ಇಪ್ಪತ್ತು ನಿಮಿಷ ಸಿಕ್ಕಿತ್ತು. ಕೀಲಿಯ ಭಾಗ ಆಕೆಯದು, ನಡುವೆ ಕೂರುವ ಕಳ್ಳನ ಭಾಗ ನನ್ನದು. ನನಗೆ ಹನ್ನೆರಡು ನಿಮಿಷ ಬೇಕೆಂದೆ. ಶರಣಬಸವೇಶ್ವರ ಗುಡಿಯ ಹಿಂದೆ, ಕೆರೆಯ ಕಟ್ಟೆಯ ಮೇಲೆ ಕುಳಿತಿದ್ದೆವು. ಆಕೆ ಚುರುಮುರಿಯ ಪೊಟ್ಟಣವನ್ನು ಪಕ್ಕಕ್ಕಿಟ್ಟಳು.

"ನೀ ಹನ್ನೆರಡು ನಿಮಿಷ ಕಳ್ಳನ ಬಗ್ಗೆ ಮಾತಾಡಿದ್ರ, ಮಂದಿ ಮನಿಗಿ ಹೋಗೂಮುಂದ ಕೀಲಿ ನೆನಪಿಡ್ತಾರೋ, ಕಳ್ಳನ್ನ ನೆನಪಿಡ್ತಾರೋ?"

"ಕಳ್ಳನ್ನ ನೆನಪಿಟ್ರನೇ ಕೀಲಿ ಉಳೀತದ."

"ಹೇಳಾಕ ಚಂದ ಅದ. ಮೂರು ತಿಂಗಳು ನಿದ್ದಿ ಬಿಟ್ಟು ಆ ಕೀಲಿ ಮಾಡ್ದಾಕಿ ನಾ. ನೀ ಅದರಾಗ ತೂತು ಹುಡುಕಾಕಿ."

"ತೂತು ಹುಡುಕೂದೂ ಕೆಲಸಾನೇ."

"ಹುಡುಕು. ಎಂಟು ನಿಮಿಷದಾಗ ಹುಡುಕು."

ನಾಲ್ಕು ದಿನ ನಾವು ಮಾತಾಡಲಿಲ್ಲ. ಅರ್ಧ ಕೆಲಸ ಆಕೆಯ ಲ್ಯಾಪ್‌ಟಾಪಿನಲ್ಲಿ, ಅರ್ಧ ನನ್ನದರಲ್ಲಿ. ಐದನೆಯ ದಿನ, ಭಾನುವಾರ, ನಾನೇ ಸೋತು ಕಮಲಾಪುರದ ಬಸ್ಸು ಹತ್ತಿದೆ.

ಆಕೆಯ ತಂದೆಯನ್ನು ನಾನು ಕಾಕಾ ಎನ್ನುತ್ತಿದ್ದೆ. ಅವರು ದನದ ಸಂತೆಯ ದಲ್ಲಾಳಿ. ಎತ್ತು ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವವರು. ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಗಳ ಮೇಲೆ ಇಳಿಬಿಟ್ಟು, ಅದರ ಕೆಳಗೆ ಎದುರಿನವನ ಬೆರಳು ಹಿಡಿದು ಅಂಕಿ ತಿಳಿಸುತ್ತಾರೆ. ಸುತ್ತ ಹತ್ತು ಮಂದಿ ನಿಂತು ಟವೆಲ್ ಅಲುಗಾಡುವುದನ್ನು ನೋಡುತ್ತಾರೆ, ಒಬ್ಬರಿಗೂ ಅಂಕಿ ತಿಳಿಯುವುದಿಲ್ಲ. ಇವನ ಕೈ ಹಿಡಿದು, ಅವನ ಕೈ ಹಿಡಿದು, ಮತ್ತೆ ಇವನ ಕಡೆ ಬಂದು, ಕೊನೆಗೆ ಟವೆಲ್ ಜಾಡಿಸಿ ಹೆಗಲಿಗೆ ಹಾಕಿದರೆಂದರೆ ಮಾತು ಮುಗಿಯಿತು. ಆಮೇಲೆ, ಆ ಕಡೆಯವನಿಗೆ ಎಷ್ಟು ಹೇಳಿದೆ ಎಂದು ಕೇಳುವ ಹಾಗಿಲ್ಲ. ಕೇಳಿದರೆ ಆ ಕೈಯನ್ನು ನಂಬಲಿಲ್ಲ ಎಂದೇ ಅರ್ಥ. ದಲ್ಲಾಳಿಗೆ ಅಂಗಡಿ ಇಲ್ಲ, ಬೋರ್ಡಿಲ್ಲ. ಇರುವುದು ಆ ಕೈ ಒಂದೇ.

ಇದನ್ನು ಮೊದಲ ಸಲ ಕೇಳಿದಾಗ ನಾನು ಕುಳಿತಲ್ಲೇ ಕುಣಿದಿದ್ದೆ. ಎಲ್ಲರ ಕಣ್ಣೆದುರು ಗುಟ್ಟಿನ ಸಂಖ್ಯೆಗೆ ಒಪ್ಪುವುದು, ನಡುವೆ ಒಬ್ಬ. ಇದು ನಮ್ಮ ಪ್ರಾಜೆಕ್ಟೇ ಅಲ್ಲವೇ ಎಂದಿದ್ದೆ. ಗೆಳತಿ ಅಂದೇ ನನ್ನಿಂದ ಮಾತು ತೆಗೆದುಕೊಂಡಿದ್ದಳು: "ನಮ್ಮಪ್ಪನ್ನ ನಿನ್ನ ಸ್ಲೈಡಿನ್ಯಾಗ ಹಾಕಬ್ಯಾಡ." ಹಾಕುವುದಿಲ್ಲ ಎಂದಿದ್ದೆ. ಸ್ಲೈಡಿನಲ್ಲಿ ಹಾಕಲಿಲ್ಲ, ಅದು ನಿಜ.

ಆ ಭಾನುವಾರ ನಾನು ಅಂಗಳಕ್ಕೆ ಕಾಲಿಟ್ಟಾಗ ಕಾಕಾ ಎಲೆ ಅಡಿಕೆ ಹಾಕಿಕೊಂಡು ಹೊರಸಿನ ಮೇಲೆ ಕುಳಿತಿದ್ದರು. "ಬರ್ರಿ ವಕೀಲ ಸಾಹೇಬರ," ಎಂದರು. ನನ್ನನ್ನು ಅವರು ಹಾಗೇ ಕರೆಯುತ್ತಿದ್ದರು. ಗೆಳತಿ ಒಳಗಿನಿಂದ ಬಂದು ಪೆನ್‌ಡ್ರೈವನ್ನು ನನ್ನ ಕೈಗೆ ಕೊಡದೆ ಹೊರಸಿನ ಮೇಲಿಟ್ಟು, ಒಳಗೆ ಹೋಗಿ ಬುದ್ಧನ ಪಟದ ಕೆಳಗೆ ಗೋಡೆ ನೋಡುತ್ತ ಕುಳಿತಳು.

"ಏನಾಗ್ಯದವ್ವ ನಿಮಗ? ಎರಡು ಎತ್ತು ಒಂದು ನೊಗಕ್ಕ ಕಟ್ಟಿದ್ರ ಒಂದು ಮೂಡಣಕ್ಕ, ಒಂದು ಪಡುವಣಕ್ಕ!"

ನಾನು ಇಪ್ಪತ್ತು ನಿಮಿಷದ ಸಂಗತಿ ಹೇಳಿದೆ. ಕಾಕಾ ಎದ್ದು ಬಾಯಿ ಮುಕ್ಕಳಿಸಿ ಬಂದರು.

"ಇಷ್ಟಕ್ಕ? ನಾ ಕೂಡಿಸ್ತೀನಿ. ನೀ ಇಲ್ಲೇ ಕೂಡು, ಆಕಿ ಒಳಗ ಕೂಡ್ಲಿ. ಬಾಯಿ ಬಿಡೂದಿಲ್ಲ ಯಾರೂ."

"ಕಾಕಾ, ನಂಗ ಬೆರಳ ಭಾಷಾ ಬರಂಗಿಲ್ಲ."

"ಇಡೀ ಕೈ ಹಿಡದ್ರ ನಿನಗ ಹತ್ತು ನಿಮಿಷ. ಮ್ಯಾಲ ಎಷ್ಟು ಬೆರಳ ಹಿಡೀತೀನಿ ಅಷ್ಟು ಕೂಡಿಸ್ಕೋ. ಒಪ್ಪಿಗಿ ಇದ್ರ ನನ್ನ ಅಂಗೈ ಒತ್ತು, ಇಲ್ಲಂದ್ರ ಕೈ ಜಗ್ಗು. ಇಂಜಿನಿಯರ್ ಆಗಾಕಿ, ಇಷ್ಟು ಬರಂಗಿಲ್ಲಂದ್ರ ಹ್ಯಾಂಗ?"

"ಸಂತ್ಯಾಗ ಹೆಣ್ಮಕ್ಕಳ ಕೈ ಹಿಂಗ ಹಿಡದೀರೇನು ಯಾವತ್ತರ?" ಎಂದು ಗೆಳತಿಯ ತಾಯಿ, ಕಾಕೂ, ಒಲೆಯ ಮುಂದಿನಿಂದಲೇ ಕೂಗಿದರು.

"ಎಲ್ಲಿ ಹಿಡೀಲಿ? ನೀನೇ ಮನಿಯಾಗಿಂದ ಹೊರಗ ಬಿಡಂಗಿಲ್ಲ!"

ಎಲ್ಲರೂ ನಕ್ಕರು. ಗೋಡೆ ನೋಡುತ್ತಿದ್ದವಳ ಹೆಗಲೂ ಅಲುಗಿದ್ದನ್ನು ಕಂಡೆ. ಕಾಕಾ ಮೊದಲು ಒಳಗೆ ಹೋದರು. ಟವೆಲ್ಲಿನ ಅಂಚು ಮಾತ್ರ ನನಗೆ ಕಾಣುತ್ತಿತ್ತು. ಹೊರಗೆ ಬಂದು ನನ್ನ ಕೈ ಮೇಲೆ ಟವೆಲ್ ಇಳಿಬಿಟ್ಟರು. ಒರಟು ಕೈ, ಬೆಚ್ಚಗಿತ್ತು. ಇಡೀ ಕೈ ಹಿಡಿದರು: ಹತ್ತು. ನಾನು ಜಗ್ಗಿದೆ. ಒಳಗೆ ಹೋದರು, ಬಂದರು. ಮತ್ತೆ ಇಡೀ ಕೈ, ಆಮೇಲೆ ಎರಡು ಬೆರಳು. ಹನ್ನೆರಡು. ಅಂಗೈ ಒತ್ತಿದೆ. ಅವರು ಮತ್ತೊಮ್ಮೆ ಒಳಗೆ ಹೋದರು, ಈ ಸಲ ತುಸು ಹೊತ್ತು ಹಿಡಿಯಿತು. ಬಾಗಿಲಲ್ಲಿ ಬಂದು ನಿಂತು ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡರು.

"ಆತು. ಇಬ್ಬರೂ ಒಪ್ಪೀರಿ. ಇನ್ನ ಬಾಯಿ ಬಿಟ್ಟು ರೊಟ್ಟಿ ತಿನ್ರಿ."

ಪುಂಡಿಪಲ್ಯ, ಜೋಳದ ರೊಟ್ಟಿ, ಕೆಂಪು ಬಾಳೆಹಣ್ಣು. ನಾವು ಪಕ್ಕಪಕ್ಕದಲ್ಲೇ ಕುಳಿತು ತಿಂದೆವು. ಅಷ್ಟು ಹಟ ಹಿಡಿದವಳು ಎಂಟಕ್ಕೆ ಹೇಗೆ ಒಪ್ಪಿದಳು ಎಂದು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಸೋತಾಗ ಆಧಾರ ಕೇಳುವಷ್ಟು ಚುರುಕಾಗಿ ಗೆದ್ದಾಗ ನಾನು ಕೇಳಿದವಳಲ್ಲ.

ಪರೀಕ್ಷೆಯ ದಿನ ಸಭಾಂಗಣ ತುಂಬಿತ್ತು. ಕಾಕಾ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಸರ್‌ಗೆ ಕೊಡಲೆಂದು ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಗೆಳತಿ ಮೊದಲು ಮಾತಾಡಿದಳು. ಚೆನ್ನಾಗಿಯೇ ಮಾತಾಡಿದಳು, ಪರದೆಯ ಮೇಲೆ ಎರಡು ಲ್ಯಾಪ್‌ಟಾಪುಗಳು ಒಂದೇ ಕೀಲಿಗೆ ಬಂದು ಸೇರಿದಾಗ ಪರೀಕ್ಷಕರು ಮುಂದಕ್ಕೆ ಬಾಗಿದರು. ನಾನು ಗಡಿಯಾರ ನೋಡುತ್ತಿದ್ದೆ. ಎಂಟು ನಿಮಿಷ ಆಯಿತು. ಆಕೆ ನಿಲ್ಲಿಸಲಿಲ್ಲ. ಎಂಟೂವರೆ. ಹೊಸ ಸ್ಲೈಡ್ ತೆಗೆದಳು. ಒಂಬತ್ತಾಗುತ್ತಿದ್ದಂತೆ ನಾನು ಎದ್ದು ಮೈಕಿನ ಹತ್ತಿರ ಹೋದೆ.

"ನಂದು ಇನ್ನೂ ಮುಗಿದಿಲ್ಲ," ಎಂದಳು ಮೆಲ್ಲಗೆ.

"ನಿಂದು ಎಂಟಕ್ಕ ಮುಗೀತು."

"ಯಾರಂದ್ರು?"

"ನಿಮ್ಮಪ್ಪ!"

ಮೈಕು ಅದನ್ನು ಹಿಡಿದು ಸಭೆಗೆಲ್ಲ ಕೇಳಿಸಿತು. ನಗು ಎದ್ದಿತು. ಪರೀಕ್ಷಕರು ಕನ್ನಡಕ ಏರಿಸಿ, "ಏನ್ರಿ ಇದು, ಮನಿ ಜಗಳ?" ಎಂದರು. ವೇದಿಕೆಯ ಮೇಲೆ ಎಡವಿದರೆ, ಎಡವಿದ್ದನ್ನೇ ನಿನ್ನ ವಾದ ಮಾಡಿಕೋ ಎಂದು ನನಗೆ ಶಾಲೆಯಲ್ಲೇ ಕಲಿಸಿದ್ದರು. ನನ್ನ ಬಾಯಿ ನನಗಿಂತ ಮುಂಚೆ ಶುರುವಾಗಿತ್ತು.

"ಜಗಳ ಅಲ್ಲ ಸರ್, ಇದೇ ನಮ್ಮ ಪ್ರಾಜೆಕ್ಟು. ನಾವಿಬ್ಬರೂ ಒಂದು ಸಂಖ್ಯೆಗೆ ಒಪ್ಪಿದ್ದೆವು. ಆದರೆ ನೇರವಾಗಿ ಒಪ್ಪಲಿಲ್ಲ, ನಡುವೆ ಒಬ್ಬ ದಲ್ಲಾಳಿ ಇದ್ದರು. ಟವೆಲ್ ಕೆಳಗೆ ನನಗೊಂದು ಸಂಖ್ಯೆ ಹೇಳಿದರು, ಆಕೆಗೊಂದು ಹೇಳಿದರು. ಇಬ್ಬರಿಗೂ ಒಪ್ಪಿದೆವು ಎಂಬ ಸಮಾಧಾನ. ಈಗ ನೋಡಿ, ಸಮಯ ಬಂದಾಗ ಬಯಲಾಯಿತು!"

ಮುಂದೆ ಹನ್ನೊಂದು ನಿಮಿಷ ನಾನು ಮಾತಾಡಿದೆ. ಅಷ್ಟು ಚೆನ್ನಾಗಿ ನಾನು ಹಿಂದೆಯೂ ಮಾತಾಡಿಲ್ಲ, ಆಮೇಲೆಯೂ ಮಾತಾಡಿಲ್ಲ. ಚಪ್ಪಾಳೆ ಬಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಗೆಳತಿ ಚಪ್ಪಾಳೆಯ ಹೊತ್ತಿಗೆ ನನ್ನ ಕಡೆ ನೋಡದೆ ಕೊನೆಯ ಬೆಂಚಿನ ಕಡೆ ನೋಡುತ್ತಿದ್ದಳು. ಅಲ್ಲಿ ಕಾಕಾ ಕೂಡ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು, ಒಂದು ಕ್ಷಣ ತಡವಾಗಿ. ಹೊರಗೆ ಬಂದಾಗ ಚೀಲದಿಂದ ಎರಡು ಹಣ್ಣು ತೆಗೆದು ನನಗೆ ಕೊಟ್ಟು, "ಚಂದ ಮಾತಾಡ್ದಿ ವಕೀಲ ಸಾಹೇಬರ," ಎಂದು ಮಗಳನ್ನು ಕರೆದುಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಅವರಿಗೆ ನಾನಂದದ್ದು ಪೂರ್ತಿ ಅರ್ಥವಾಗಿರಲಿಕ್ಕಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಆಮೇಲಿನ ಸುದ್ದಿ ತಂದವಳು ಕಮಲಾಪುರದ ಬಸ್ಸಿಗೆ ಓಡಾಡುವ ಒಬ್ಬ ಸಹಪಾಠಿ. ವಿಡಿಯೊ ಕಮಲಾಪುರಕ್ಕೆ ಮುಟ್ಟಿದೆ, ಸಂತೆಯವರೆಲ್ಲ ನೋಡಿದ್ದಾರೆ.

"ಕಾಕಾ ಟವೆಲ್ ಇಳಿಸಿದ್ರ, ಮಂದಿ 'ಟವೆಲ್ ತಗಿ, ಬಾಯಿಲೇ ಹೇಳು' ಅನ್ನಾಕತ್ತಾರ."

"ಹೇಳಿದ್ರ ಏನಾಗ್ತದ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಬಾಯಿಲೇ ಹೇಳೂದಿದ್ರ ದಲ್ಲಾಳಿ ಯಾಕ ಬೇಕು?"

ಅಂದು ಕೋಣೆಯಲ್ಲಿ ಕುಳಿತು ಇಡೀ ಸಂಗತಿಯನ್ನು ಎದುರು ಪಕ್ಷದಿಂದ ವಾದಿಸಿ ನೋಡಿದೆ. ಆಕೆ ಒಂದು ನಿಮಿಷ ಹೆಚ್ಚು ಮಾತಾಡಿದಳು, ನನಗೆ ಗೊತ್ತಿರುವುದು ಇಷ್ಟೇ. ಎಂಟೆಂದು ಒಪ್ಪಿ ಮಾತಿನ ಭರದಲ್ಲಿ ಮೀರಿರಬಹುದು; ಯಾರು ಮೀರುವುದಿಲ್ಲ? ಅಥವಾ ನನಗೆ ಹನ್ನೆರಡು ಎಂದದ್ದನ್ನು ನಾನೇ ತಪ್ಪು ತಿಳಿದಿರಬಹುದು. ಅದು ನಾನು ಆಗ ತಾನೇ ಕಲಿತ ಭಾಷೆ. ಅಥವಾ ಕಾಕಾ ನಿಜವಾಗಿಯೂ ಇಬ್ಬರಿಗೂ ಹನ್ನೆರಡು ಹೇಳಿರಬಹುದು, ಹೆಚ್ಚಾದ ನಾಲ್ಕು ನಿಮಿಷ ಯಾರ ಲೆಕ್ಕಕ್ಕೆ ಬಂತು, ಹುಡುಗಿಯರು ಮೊದಲು ಒಟ್ಟಿಗೆ ಕುಳಿತು ರೊಟ್ಟಿ ತಿನ್ನಲಿ ಎಂದು. ಹಾಗಾದರೆ ಅದು ಮೋಸವೋ, ಅಲ್ಲವೋ? ನಾನು ಇನ್ನೂ ಮೂರು ನಿಮಿಷ ತಡೆದಿದ್ದರೆ ಆಕೆ ಎಲ್ಲಿ ನಿಲ್ಲಿಸುತ್ತಿದ್ದಳೋ ನೋಡಬಹುದಿತ್ತು. ಇದ್ದ ಒಂದೇ ಸಾಕ್ಷಿಯ ಬಾಯಿ ಮುಚ್ಚಿಸಿ ತೀರ್ಪು ಕೊಟ್ಟೆ. ಚರ್ಚೆಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಹರಿದು ಹಾಕುತ್ತಿದ್ದೆ.

ಆಕೆಗೆ ಮೆಸೇಜು ಮಾಡಿದರೆ ಉತ್ತರ ಬರುತ್ತಿರಲಿಲ್ಲ. ಒಂದು ದಿನ ಆ ಖಾಲಿ ಪರದೆಯ ಮೇಲೆ ಹಳದಿ ಪಟ್ಟಿಯಲ್ಲಿ ಒಂದು ಸಾಲು ಮೂಡಿತು: ನಿಮ್ಮಿಬ್ಬರ ಭದ್ರತಾ ಕೋಡ್ ಬದಲಾಗಿದೆ. ಎಲ್ಲರೂ ಉಪೇಕ್ಷೆ ಮಾಡುವ ಸಾಲು ಅದು. ಆ ತುದಿಯಲ್ಲಿ ಹೊಸ ಫೋನು ಬಂದಿರಬಹುದು, ಇಲ್ಲವೇ ನಡುವೆ ಯಾರೋ ಬಂದು ಕೂತಿರಬಹುದು. ಎರಡಕ್ಕೂ ಆ್ಯಪ್ ಹೇಳುವುದು ಇದೊಂದೇ ಮಾತು. ಉಪೇಕ್ಷೆ ಮಾಡಬೇಡಿ, ಎದುರೆದುರು ಕುಳಿತು ತಾಳೆ ನೋಡಿ ಎಂದು ಅದೇ ಸಭೆಯಲ್ಲಿ ನಾನು ಉಪದೇಶ ಮಾಡಿದ್ದೆ. ಹೋಗಲು ನೆಪ ಸಿಕ್ಕಿತು. 'ಕೋಡ್ ಬದಲಾಗಿದೆ, ನೋಡಲು ಬರುತ್ತಿದ್ದೇನೆ' ಎಂದು ಬರೆದೆ. ಎರಡು ನೀಲಿ ಗೀಟು ಬಿದ್ದವು, ಮಾತು ಬರಲಿಲ್ಲ.

ಆದರೂ ಆಕೆ ಕಮಲಾಪುರದ ಬಸ್ ನಿಲ್ದಾಣಕ್ಕೆ ಬಂದಿದ್ದಳು. ಬಾಳೆಹಣ್ಣು ಮಾರುವವರ ಪಕ್ಕದ ಕಲ್ಲು ಬೆಂಚಿನ ಮೇಲೆ ಕುಳಿತಿದ್ದಳು.

"ಫೋನ್ ನೀರಾಗ ಬಿತ್ತು. ಹೊಸಾದು ತಗೊಂಡೀನಿ. ಅಷ್ಟೇ," ಎಂದಳು.

"ತಾಳಿ ನೋಡೂಣು."

"ನಾ ಎದುರಿಗೇ ಕುಂತೀನಿ. ಇನ್ನೂ ನೋಡಬೇಕಾ?"

"ನೋಡಬೇಕು."

ಆಕೆ ಮುಖ ಗಂಟಿಕ್ಕಿ ಫೋನ್ ತೆಗೆದಳು. ಅರವತ್ತು ಅಂಕಿ, ಐದೈದರ ಹನ್ನೆರಡು ಗುಂಪು. ನಾನು ಒಂದು ಗುಂಪು ಓದುವುದು, ಆಕೆ "ಹೂಂ" ಎನ್ನುವುದು. ಪಕ್ಕದಲ್ಲಿ ಹಣ್ಣು ಮಾರುವ ಅಜ್ಜಿ, "ಏನ್ರವ್ವ, ಲಾಟ್ರಿ ಹತ್ಯದೇನು?" ಎಂದಳು. ಗೆಳತಿಗೆ ನಗು ಬಂತು, ತಡೆದುಕೊಂಡಳು. ಹನ್ನೆರಡೂ ಗುಂಪು ಕೂಡಿದವು. ಫೋನಿನ ಮಟ್ಟಿಗೆ ನಮ್ಮ ನಡುವೆ ಯಾರೂ ಇರಲಿಲ್ಲ.

ಆಗ ನಾನು ಕೇಳಿದೆ. "ಇದೇ ತರ ಆ ಸಂಖ್ಯೆನೂ ತಾಳಿ ನೋಡೂಣು. ನಂದು ಹನ್ನೆರಡು ಇತ್ತು. ನಿಂದೆಷ್ಟು? ಎಂಟಂತ ನೀ ಹೇಳಿದ್ರ, ಈಗೇ ವಿಡಿಯೊ ಮಾಡಿ ನಂದೇ ತಪ್ಪು ಅಂತ ಹಾಕ್ತೀನಿ."

"ಎಂಟಲ್ಲ ಅಂದ್ರ?"

ನಾನು ಫೋನನ್ನು ಮಡಿಲಲ್ಲಿಟ್ಟುಕೊಂಡೆ.

"ನೋಡು," ಎಂದಳು ಆಕೆ. "ನಾ ಬಾಯಿ ಬಿಟ್ಟು ಅಂಕಿ ಹೇಳಿದ್ನಂದ್ರ, ಅದು ಎಷ್ಟೇ ಇರ್ಲಿ, ನಮ್ಮಪ್ಪನ ಕೈ ಮಗಳೂ ತಪಾಸಣಿ ಮಾಡಿದ್ಲು ಅಂತಾಗ್ತದ. ನಾ ಮಾಡಂಗಿಲ್ಲ."

"ಹೇಳಲಿಲ್ಲಂದ್ರ ಮಂದಿ ನನ್ನ ಮಾತೇ ಖರೇ ಅಂತಾರ."

"ಅಂತಾರ. ನಿನ್ನ ಮಾತಿಗಿ ಚಪ್ಪಾಳಿ ಹೊಡದ್ರು. ಅದೇ ಮಾತು ನಾ ಮೈಕಿನ್ಯಾಗ ನಿಮ್ಮಪ್ಪನ ಬಗ್ಗೆ ಆಡಿದ್ರ ಹೊಡೀತಿದ್ರೇನು? ಹೇಳು, ನೀ ವಾದದಾಗ ಶಾಣ್ಯಾಕಿ."

ನನ್ನ ತಂದೆ ಕಚೇರಿಗೆ ಹೋಗುವವರು, ಬೆಳಿಗ್ಗೆ ಪೂಜೆ ಮಾಡಿ ಗಂಧ ಹಚ್ಚಿಕೊಂಡು ಹೊರಡುವವರು. ಖೂಬಾ ಪ್ಲಾಟಿನಲ್ಲಿ ಅವರ ಮಾತನ್ನು ಯಾರಾದರೂ ತಾಳೆ ನೋಡಿದ್ದು ನನಗೆ ನೆನಪಿಲ್ಲ. ಆಕೆ ಎದ್ದು, "ಅಪ್ಪ ಸಂತ್ಯಾಗ ಅದಾನ. ಭೆಟ್ಟಿ ಆಗಿ ಹೋಗು. ನೀ ಬರ್ತಿ ಅಂತ ಹೇಳೀನಿ," ಎಂದು ಮನೆಯ ಕಡೆ ಹೋದಳು.

ಸಂತೆಯಲ್ಲಿ ದನಗಳ ಸಾಲಿನ ಕೊನೆಗೆ, ಜಾಲಿ ಮರದ ಕೆಳಗೆ ಕಾಕಾ ನಿಂತಿದ್ದರು. ಹೆಗಲ ಮೇಲೆ ಟವೆಲ್ ಮಡಚಿದ ಹಾಗೇ ಇತ್ತು. ಸ್ವಲ್ಪ ದೂರದಲ್ಲಿ ಬೇರೊಬ್ಬ ದಲ್ಲಾಳಿಯ ಸುತ್ತ ಮಂದಿ ಸೇರಿದ್ದರು. ನನ್ನನ್ನು ಕಂಡ ಒಬ್ಬ, "ಏ, ವಿಡಿಯೊದಾಕಿ ಬಂದಾಳ ನೋಡ್ರೋ! ಟವೆಲ್ ಝಾಡಿಸಿ ನೋಡಾಕ ಬಂದಾಳೇನು?" ಎಂದ. ಉಳಿದವರು ನಕ್ಕರು. ಕಾಕಾ ನಗಲಿಲ್ಲ, ಬೈಯಲೂ ಇಲ್ಲ.

"ಚಾ ಕುಡಿತೀಯೇನು?"

"ಬ್ಯಾಡ್ರಿ ಕಾಕಾ. ಇವರೆಲ್ಲರ ಮುಂದ ಹೇಳ್ತೀನಿ, ನಾ ಬೆರಳ ತಪ್ಪು ತಿಳ್ಕೊಂಡೆ ಅಂತ."

"ತಪ್ಪು ತಿಳ್ಕೊಂಡಿ ಅಂತ ನಿನಗ ಖರೇ ಅನಸ್ತದ?"

"ಗೊತ್ತಿಲ್ರಿ."

"ಗೊತ್ತಿಲ್ದದ್ದು ಯಾಕ ಹೇಳ್ತಿ? ಅವತ್ತೂ ಗೊತ್ತಿಲ್ಲದೇ ಹೇಳಿದಿ." ದನಿಯಲ್ಲಿ ಸಿಟ್ಟಿರಲಿಲ್ಲ, ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರ ದನಿ. "ನೀ ಈಗ ಏನು ಹೇಳಿದ್ರೂ, ದಲ್ಲಾಳಿ ಆ ಹುಡುಗಿಗಿ ಕಲಿಸಿ ಕರಕೊಂಡು ಬಂದಾನ ಅಂತಾರ. ಬಿಡು."

"ಮತ್ತ ನಿಮ್ಮ ಕೆಲಸ?"

"ಕೈ ಅದ. ಇದರಾಗ ಕೈ ಇಡೂ ಮಂದಿ ಇದ್ರ ಇಡ್ತಾರ." ಅವರು ಟವೆಲ್ಲನ್ನು ಹೆಗಲಿನಿಂದ ತೆಗೆದು ಮತ್ತೆ ಸರಿಯಾಗಿ ಮಡಚಿದರು. ಅದು ಮೊದಲೇ ಸರಿಯಾಗಿ ಮಡಚಿಯೇ ಇತ್ತು.

ನನ್ನನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದರು. ದಾರಿಯುದ್ದಕ್ಕೂ ಅಂತಿಮ ಪರೀಕ್ಷೆ ಯಾವಾಗ, ಅಪ್ಪ ಅವ್ವ ಆರಾಮ ಇದ್ದಾರೇನು ಎಂದು ಕೇಳಿದರು. ನಾನು ಉತ್ತರ ಕೊಡುತ್ತಲೇ ನನ್ನೊಳಗೆ ವಾದಿಸುತ್ತಿದ್ದೆ. ಕೇಳಬಾರದು, ಕೇಳಿದರೆ ಆ ಕೈಯನ್ನು ನಂಬಲಿಲ್ಲ ಎಂದರ್ಥ. ಕೇಳದೆ ಹೋದರೆ ನಾನು ಸಭೆಯಲ್ಲಿ ಆಡಿದ ಮಾತು ಹಾಗೇ ನಿಲ್ಲುತ್ತದೆ, ಅದೂ ನಂಬಲಿಲ್ಲ ಎಂದೇ ಅರ್ಥ. ಇಬ್ಬರಿಗೂ ಹನ್ನೆರಡು ಅಂದಿದ್ದರೆ ನಾನಂದದ್ದು ಖರೆ, ಆದರೆ ಗೆದ್ದ ಹಾಗೆ ಅನಿಸುವುದಿಲ್ಲ. ಆಕೆಗೆ ಎಂಟು ಅಂದಿದ್ದರೆ ನಾನಂದದ್ದು ಸುಳ್ಳು, ಅದನ್ನು ಈ ಊರಿನಲ್ಲಿ ಇನ್ನು ಯಾರೂ ನಂಬುವುದಿಲ್ಲ. ಯಾವ ಉತ್ತರ ಬರಲಿ ಎಂದು ಬಯಸಬೇಕು ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಬೀದರ್ ಕಡೆಯಿಂದ ಬಸ್ಸು ಬಂತು. ಕಾಕಾ ಕೈ ಎತ್ತಿ ನಿಲ್ಲಿಸಿದರು. ನಾನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದೆ. ಕಂಡಕ್ಟರ್, "ಹತ್ತವ್ವಾ ಲಗೂ," ಎಂದು ತಗಡಿಗೆ ಬಡಿದ. ಕಾಕಾ ಬಿಸಿಲಿಗೆ ಹಣೆಯ ಮೇಲೆ ಕೈ ಹಿಡಿದು ನಿಂತಿದ್ದರು, ಅದೇ ಕೈ.

"ಕಾಕಾ, ಅವತ್ತ ಟವೆಲ್ ಕೆಳಗ ಆಕಿ ಕೈಯಾಗ ಎಷ್ಟು ಬೆರಳ ಹಿಡದಿದ್ರಿ?"